ಲಿಫ್ಟರನ ಮಡಚದ ಬೆರಳು

ಆಗ ನನಗೆ ಇಪ್ಪತ್ತೊಂಬತ್ತು. ಈಗ್ಗೆ ನಲವತ್ತೈದು ವರ್ಷದ ಹಿಂದಿನ ಮಾತು. ನನ್ನ ಗಂಡನಿಗೆ ಮೂವತ್ತೆಂಟೋ ನಲವತ್ತೋ, ಅವನ ಅವ್ವನಿಗೇ ನೆನಪಿರಲಿಲ್ಲ. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಗೇಟಿನಲ್ಲಿ ಅವನು ವಾಚ್‌ಮನ್, ನಾನು ಒಳಗೆ ಹತ್ತಿ ಆರಿಸುವ ಹೆಂಗಸರ ಸಾಲಿನಲ್ಲಿ. ವಾಚ್‌ಮನ್ ಅಂದಕೂಡಲೇ ಗೇಟು ಕಾಯುತ್ತಿದ್ದ ಅಂತ ತಿಳಿಯಬೇಡಿ. ಗೇಟು ತೆರೆದೇ ಬಿದ್ದಿರುತ್ತಿತ್ತು. ಎಮ್ಮೆಗಳು ತಮ್ಮ ಪಾಡಿಗೆ ಒಳಗೆ ಬಂದು, ಹತ್ತಿಕಾಳು ತಿಂದು, ಸೆಗಣಿ ಹಾಕಿ ಹೋಗುತ್ತಿದ್ದವು. ಅವನಿಗೆ ಆ ನೌಕರಿ, ಗೇಟಿನ ಮಗ್ಗುಲಿನ ಆ ಎರಡು ಕೋಣೆಯ ಮನೆ ಸಿಕ್ಕಿದ್ದು ವಾಲಿಬಾಲ್ ಆಡುತ್ತಾನೆ ಅಂತ.

ಫ್ಯಾಕ್ಟರಿಯ ಮಾಲೀಕನಿಗೆ ವಾಲಿಬಾಲಿನ ಹುಚ್ಚು. ಹತ್ತಿ ಬರುವ ಹಂಗಾಮಿನಲ್ಲೇ ಪಂದ್ಯಗಳೂ ನಡೆಯುತ್ತಿದ್ದವು. ಮೊದಲು ಮಾನ್ವಿ, ಆಮೇಲೆ ದೇವದುರ್ಗ, ಕೊನೆಗೆ ರಾಯಚೂರು. ನಮ್ಮವರು ಹತ್ತಿ ತರುವ ಲಾರಿಯಲ್ಲೇ ಕುಂತು ಹೋಗುತ್ತಿದ್ದರು. ಗೆದ್ದರೆ ಹಾಡುತ್ತ ಬರುತ್ತಿದ್ದರು, ಸೋತರೆ ರೆಫರಿಯ ತಾಯಿಯನ್ನು ಬೈಯುತ್ತ ಬರುತ್ತಿದ್ದರು.

ಆಟದಲ್ಲಿ ಆರು ಜನ. ಅದರಲ್ಲಿ ಒಬ್ಬ ಲಿಫ್ಟರ್. ಬಂದ ಚೆಂಡನ್ನು ಬಲೆಯ ಹತ್ತಿರ ಮೇಲಕ್ಕೆ ಎತ್ತಿ ಕೊಡುವುದು ಅವನ ಕೆಲಸ. ಎಗರಿ ಹೊಡೆಯುವುದು ಬೇರೆಯವರದು. ಚಪ್ಪಾಳೆ ಹೊಡೆದವನಿಗೆ, ಬೈಗುಳ ಲಿಫ್ಟರನಿಗೆ. ಆದರೂ ಆರು ಜನರಲ್ಲಿ ಯಜಮಾನ ಅವನೇ. ಮುಂದಿನ ಚೆಂಡು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತುಮಾಡಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟು ಬೆರಳಿನಲ್ಲಿ ತನ್ನವರಿಗೆ ಹೇಳಬೇಕು. ಒಂದು ಬೆರಳು ಅಂದರೆ ಬಲೆಯ ಹತ್ತಿರವೇ ಗಿಡ್ಡ ಚೆಂಡು. ಎರಡು ಅಂದರೆ ಮೂಲೆಗೆ ಎತ್ತರದ ಚೆಂಡು. ಮೂರು ಅಂದರೆ ತಲೆಯ ಹಿಂದಕ್ಕೆ. ನನ್ನ ಗಂಡ ಹನ್ನೆರಡು ವರ್ಷದಿಂದ ಲಿಫ್ಟರ್.

ಆ ಯಜಮಾನಿಕೆ ಮನೆಗೂ ಬರುತ್ತಿತ್ತು. ಉಣ್ಣುವಾಗ ಅವನು ಬಾಯಿ ಬಿಚ್ಚುತ್ತಿರಲಿಲ್ಲ. ಬಲಗೈ ತಾಟಿನಲ್ಲಿ, ಎಡಗೈ ಗಾಳಿಯಲ್ಲಿ. ಒಂದು ಬೆರಳಿಗೆ ಒಂದು ರೊಟ್ಟಿ, ಎರಡಕ್ಕೆ ಎರಡು, ಮುಷ್ಟಿ ಅಂದರೆ ಸಾಕು. ದೇವರು ನಾಲಿಗೆ ಕೊಟ್ಟಿದ್ದು ಯಾಕೆ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ಅದಕ್ಕೂ ಮುಷ್ಟಿಯೇ ಉತ್ತರ.

ಆ ವರ್ಷ ಮಾನ್ವಿಯಿಂದ ಒಬ್ಬ ಹೊಸಬ ಬಂದ. ಇಪ್ಪತ್ತೆರಡರ ಪ್ರಾಯ, ಅವನ ತಾಯಿ ಮಾನ್ವಿ ಬಜಾರಿನಲ್ಲಿ ಬಳೆ ಮಾರುವಾಕೆ. ತನ್ನ ಮೊಹಲ್ಲಾದ ತಂಡದಲ್ಲಿ ಅವನೂ ಲಿಫ್ಟರನೇ. ಇಲ್ಲಿ ಆ ಜಾಗ ಖಾಲಿ ಇರಲಿಲ್ಲವಲ್ಲ, ಹೊಡೆಯುವವನಾಗಿ ತೆಗೆದುಕೊಂಡರು. ತಂಡದ ಉಸ್ತುವಾರಿ ಫ್ಯಾಕ್ಟರಿಯ ಗುಮಾಸ್ತನದು. ಮೂರೂ ಊರಿನ ಆಟ ಮುಗಿಯುವ ತನಕ ನೋಡುತ್ತೇವೆ, ಸರಿ ಕಂಡರೆ ಹತ್ತಿ ಒತ್ತುವ ಮಶೀನಿನ ಮೇಲೆ ಕಾಯಂ ನೌಕರಿ, ಇಲ್ಲದಿದ್ದರೆ ಮಾನ್ವಿ ಬಸ್ಸು ಅಂತ ಅವನು ಹೊಸಬನಿಗೆ ಹೇಳಿದ್ದ.

"ಆ ಹುಡುಗನ ಕೈ ಬೆಣ್ಣಿ ಇದ್ದಂಗ ಅದ ಅಂತಾನ ಗುಮಾಸ್ತ," ಅಂತ ನನ್ನ ಗಂಡ ಒಂದು ದಿನ ಗೊಣಗಿದ.

"ಅದಕ್ಕ ನೀ ಯಾಕ ಕರಗಾಕತ್ತಿ?" ಅಂದೆ.

ಅವನ ಹೊಟ್ಟೆಯಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಒಂದೇ ಒಂದು ಆಟ ಇವನು ಹೊರಗೆ ಕುಂತರೆ ಆ ಜಾಗದಲ್ಲಿ ಹೊಸಬ ನಿಲ್ಲುತ್ತಾನೆ, ನಿಂತವನು ಮತ್ತೆ ಸರಿಯುವುದಿಲ್ಲ.

ಮಾನ್ವಿಯ ಆಟಕ್ಕೆ ಎಂಟು ದಿನ ಮೊದಲು ಅವನು ಸಂಜೆ ಎಡಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಏನಾಯಿತು ಅಂದರೆ ಬೆವರು ಅಂದ. ಬೆವರು ಕೈಯೊಂದಕ್ಕೇ ಬರುತ್ತದಾ ಅಂತ ಕೇಳಬೇಕಿತ್ತು. ಕೇಳಲಿಲ್ಲ, ಒಲೆಯ ಮೇಲೆ ಪಲ್ಯ ಹೊತ್ತುತ್ತಿತ್ತು.

ಆವತ್ತಿನಿಂದ ರೊಟ್ಟಿಯ ಲೆಕ್ಕ ಕೆಟ್ಟಿತು. ಎರಡು ಬೆರಳು ಎತ್ತುತ್ತಾನೆ, ಎರಡು ಹಾಕುತ್ತೇನೆ, ಹುಬ್ಬು ಗಂಟಿಕ್ಕುತ್ತಾನೆ. ಮತ್ತೆ ಕೈ ಎತ್ತುತ್ತಾನೆ, ಒಂದು ಬೆರಳು ಕಾಣುತ್ತದೆ, ಇನ್ನೊಂದು ಹಾಕುತ್ತೇನೆ. ಮತ್ತೆ ಎತ್ತುತ್ತಾನೆ, ಮತ್ತೆ ಹಾಕುತ್ತೇನೆ. ಆಟದ ತಿಂಗಳು, ಹಸಿವು ಹೆಚ್ಚಾಗಿದೆ ಅಂದುಕೊಂಡೆ. ಒಂದು ದಿನ ತಾಟು ಸರಿಸಿಬಿಟ್ಟ.

"ಎಷ್ಟು ಹಾಕ್ತೀಬೇ? ನಾ ಏನು ಎತ್ತೇನು?"

"ನೀನ ಕೇಳಿದಿ."

"ನಾ ಸಾಕು ಅಂದೆ."

"ಒಂದು ಬೆರಳು ಎತ್ತಿದಿ. ಸಾಕು ಅಂತ ಬಾಯಿಲೆ ಅಂದ್ರ ಹಲ್ಲು ಉದರ್ತಾವೇನು?"

"ನಿನಗ ಕಣ್ಣು ಹೋಗ್ಯಾವ. ಹತ್ತಿ ಧೂಳು ಕುಡದು ಕುಡದು ಕುರುಡಿ ಆಗಿ."

ಆ ಮಾತು ನನಗೆ ನಾಟಿತು. ಹತ್ತಿ ಆರಿಸುವಾಕೆಗೆ ಕಣ್ಣು ಹೋದರೆ ಅನ್ನ ಹೋದಂತೆ. ಮರುದಿನ ಸಾಲಿನಲ್ಲಿ ಕುಂತು, ಹಳದಿ ಹತ್ತಿ ಯಾವುದು ಬಿಳಿ ಯಾವುದು ಅಂತ ಮಗ್ಗುಲಿನವಳನ್ನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಹೇಳಿದ್ದೇ ಸರಿ ಇತ್ತು. ಆದರೂ ಅಳುಕು ಹೋಗಲಿಲ್ಲ.

ಮಾನ್ವಿಯಲ್ಲಿ ನಮ್ಮವರು ಸೋತರು. ದೇವದುರ್ಗದಲ್ಲೂ ಸೋತರು. ದೇವದುರ್ಗದ್ದು ನನಗೆ ಹೆಚ್ಚು ಚುಚ್ಚಿತು. ಅಲ್ಲಿಗೆ ಹತ್ತಿರದ ಮಸರಕಲ್ ನನ್ನ ತವರು, ಸಂತೆಗೆ ಬಂದಿದ್ದ ನಮ್ಮ ಮಂದಿಯೆಲ್ಲ ನಿಂತು ನೋಡಿದ್ದರು. ನಮ್ಮ ಅಣ್ಣ ಅದನ್ನು ಹೇಳಲೆಂದೇ ರಾಯಚೂರಿಗೆ ಬಂದು, ಒಂದು ಹೊತ್ತು ಉಂಡು ಹೋದ. ಹೊಸಬನದೇ ತಪ್ಪು ಅಂತ ಎಲ್ಲರೂ ಅನ್ನತೊಡಗಿದರು. ಚೆಂಡು ಬಲೆಯ ಹತ್ತಿರ ಇದ್ದರೆ ಅವನು ಮೂಲೆಯಲ್ಲಿ ಎಗರುತ್ತಾನಂತೆ, ಚೆಂಡು ಮೂಲೆಗೆ ಹೋದರೆ ಹಿಂದಕ್ಕೆ ಓಡುತ್ತಾನಂತೆ. ಮಾನ್ವಿಯಲ್ಲಿ ಅವನ ಓಣಿಯವರೇ ಶಿಳ್ಳೆ ಹೊಡೆದು ನಕ್ಕರಂತೆ.

ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮುಂದೆಯೇ ಪಂಚಾಯತಿ ಕೂಡಿತು. ಗುಮಾಸ್ತ ಕುರ್ಚಿಯಲ್ಲಿ, ಆಟಗಾರರು ಹತ್ತಿಕಾಳಿನ ಚೀಲಗಳ ಮೇಲೆ. ನಾನು ಚಹಾ ಕೊಡುತ್ತಿದ್ದೆ.

"ಏನಪಾ," ಅಂತ ಗುಮಾಸ್ತ ಹೊಸಬನನ್ನು ಕೇಳಿದ, "ನಿನಗ ಬೆರಳು ಎಣಸಾಕ ಬರ್ತದೋ ಇಲ್ಲೋ?"

"ಬರ್ತದ್ರೀ. ಚಾಚಾ ಎರಡು ತೋರಿಸಿದ್ರು, ನಾ ಮೂಲಿಗೆ ಓಡಿದೆ. ಚೆಂಡು ಇಲ್ಲೇ ಬಿತ್ತು."

"ನಾ ಒಂದು ತೋರಿಸಿದ್ದೆ," ಅಂದ ನನ್ನ ಗಂಡ. ಮುಖ ಬೇರೆ ಕಡೆಗೆ.

"ಅಲ್ಲಾನ ಆಣಿ ಚಾಚಾ, ಎರಡು."

"ಹಂಗಾದ್ರ ಉಳದವ್ರಿಗೆ ಯಾಕ ತಪ್ಪಲಿಲ್ಲಪಾ?" ಅಂತ ಗುಮಾಸ್ತ ಹಳಬರತ್ತ ತಿರುಗಿದ.

ಹಳಬರಲ್ಲಿ ದಪ್ಪಗಿದ್ದವನೊಬ್ಬ ಚಹಾ ಸೊರ್ರನೆ ಹೀರಿ ಹೇಳಿದ, "ನಾವ್ಯಾರು ಬೆರಳು ನೋಡ್ತೀವ್ರೀ? ಹನ್ನೆರಡು ವರ್ಷ ಆತು. ಅವನ ಭುಜ ನೋಡಿದ್ರ ಚೆಂಡು ಎಲ್ಲಿಗೆ ಹೊಕ್ಕದ ಅಂತ ಗೊತ್ತಾಕ್ಕದ."

"ಕೇಳಿದ್ಯಾ?" ಅಂದ ಗುಮಾಸ್ತ ಹೊಸಬನಿಗೆ. "ನಾಳಿ ಮುಂಜಾನಿ ಬಸ್ಸಿಗೆ ಊರಿಗೆ ನಡಿ."

ಹುಡುಗ ಗ್ಲಾಸು ಕೆಳಗಿಟ್ಟ. "ರಾಯಚೂರಿನ ಆಟ ಒಂದು ನೋಡ್ರೀ ಸಾಹೇಬ್ರ. ಅಲ್ಲೂ ತಪ್ಪಿದ್ರ ನಾನ ಹೋಗ್ತೀನಿ. ಈಗ ಹೋದ್ರ ಅಮ್ಮಿಗೆ ಏನಂತ ಹೇಳ್ಲಿ?"

ನನ್ನ ಗಂಡ ಕಿವಿ ಕೆರೆದುಕೊಂಡ. ನಾನು ಬಗ್ಗಿ ಅವನ ಎಡಗೈಗೆ ಚಹಾ ಕೊಟ್ಟೆ. ಗ್ಲಾಸಿನ ಸುತ್ತ ಎಲ್ಲ ಬೆರಳು ಮಡಚಿದವು. ಉಂಗುರದ ಬೆರಳು ಮಾತ್ರ ಗೂಟದ ಹಾಗೆ ಸೆಟೆದು ನಿಂತಿತ್ತು. ಗೆಣ್ಣು ಬದನೆಕಾಯಿಯ ಬಣ್ಣ.

ಕೆಟಲಿ ಹಿಡಿದುಕೊಂಡು ಅಲ್ಲೇ ನಿಂತೆ. ಇವನು ಒಂದು ತೋರಿಸಿದರೆ ಆ ಬೆರಳೂ ಸೇರಿ ಎರಡಾಗುತ್ತದೆ. ಎರಡು ತೋರಿಸಿದರೆ ಮೂರು. ಮುಷ್ಟಿ ಹಿಡಿದರೆ ಒಂದು. ಲೋಕದಲ್ಲಿ ಇವನ ಬೆರಳನ್ನು ನಂಬಿ ಕೆಟ್ಟವರು ಇಬ್ಬರೇ. ಒಬ್ಬ ಈ ಹುಡುಗ, ಇನ್ನೊಬ್ಬಳು ನಾನು.

ಹೇಳಿದರೆ ನನ್ನ ಗಂಡನ ಜಾಗ ಹೋಗುತ್ತದೆ, ಅದರ ಹಿಂದೆ ಗೇಟು, ಮನೆ. ಹೇಳದಿದ್ದರೆ ಯಾರದೋ ಮಗ ನಾಳೆ ಬಸ್ಸು ಹತ್ತುತ್ತಾನೆ. ಆ ಹುಡುಗನ ಮೇಲಿನ ಕನಿಕರಕ್ಕೆ ಬಾಯಿ ತೆರೆದೆ ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳು. ತನ್ನ ಬೆರಳು ಮುಚ್ಚಿಕೊಳ್ಳಲು ನನ್ನನ್ನು ಕುರುಡಿ ಅಂದಿದ್ದನಲ್ಲ, ಆ ಸಿಟ್ಟು ಮೊದಲು ಬಂತು. ಕನಿಕರ ಅದರ ಹಿಂದೆ ಬಂತು.

"ಗುಮಾಸ್ತ್ರ, ಈ ಮನುಷ್ಯಾಗ ಎಡಗೈ ಮುಷ್ಟಿ ಹಿಡಿ ಅನ್ರಿ," ಅಂದೆ.

"ನೀ ಒಳಗ ನಡಿ," ಅಂದ ನನ್ನ ಗಂಡ.

"ಮುಷ್ಟಿ ಹಿಡಿ. ಹೋಗ್ತೀನಿ."

"ಒಳಗ ನಡಿ ಅಂದೆ!"

"ಮಡಚಾಕ ಬಂದ್ರ ಮಡಚಿ ನನ್ನ ಬೆನ್ನಿಗೆ ಗುದ್ದು. ಎಲ್ರೂ ನೋಡ್ಲಿ."

ಗುಮಾಸ್ತ ಎದ್ದು ಬಂದ. ಬೇರೆ ದಾರಿ ಇಲ್ಲದೆ ನನ್ನ ಗಂಡ ಗ್ಲಾಸು ಕೆಳಗಿಟ್ಟು ಮುಷ್ಟಿ ಹಿಡಿದ. ಆ ಬೆರಳು ನೆಟ್ಟಗೆ ಗುಮಾಸ್ತನ ಮೂಗಿಗೆ ಗುರಿ ಹಿಡಿದು ನಿಂತಿತು. ದಪ್ಪನೆಯವನು ಫಕ್ಕನೆ ನಕ್ಕು ಚಹಾ ಮೈಮೇಲೆ ಚೆಲ್ಲಿಕೊಂಡ.

"ಎಂದಿಂದ ಹಿಂಗ ಅದ?" ಅಂದ ಗುಮಾಸ್ತ.

ಇವನ ಬದಲು ನಾನು ಹೇಳಿದೆ. "ಮಾನ್ವಿ ಆಟಕ್ಕ ಎಂಟು ದಿನ ಮೊದಲಿಂದ. ನಾ ಎಷ್ಟು ಜ್ವಾಳ ದಂಡ ಮಾಡೀನಿ ಗೊತ್ತದೇನು?"

ಹೊಸಬ ಎದ್ದು ಬಂದು ಆ ಬೆರಳನ್ನು ನೋಡಿದ. "ಚಾಚಾ, ನನಗೊಬ್ಬನಿಗೆ ಹೇಳಿದ್ರ ಒಂದು ಕಳದು ಓಡ್ತಿದ್ನಲ್ಲ."

"ನಿನಗ ಹೇಳಿದ್ರ," ಅಂದ ನನ್ನ ಗಂಡ, ಮೊದಲ ಸಲ ಅವನ ಮುಖ ನೋಡಿ, "ಮರುದಿನ ನನ್ನ ಜಾಗದಾಗ ನೀ ನಿಂತಿರ್ತಿದ್ದಿ."

ಹುಡುಗ ಒಂದು ಗಳಿಗೆ ಯೋಚನೆ ಮಾಡಿದ. "ನಿಂತಿರ್ತಿದ್ದೆ," ಅಂದ.

ಎಲ್ಲರೂ ನಕ್ಕರು. ನನ್ನ ಗಂಡನೂ ಮೂಗಿನಲ್ಲಿ ಒಂಚೂರು ನಕ್ಕ, ಆಮೇಲೆ ಸಿಟ್ಟಿನಲ್ಲಿದ್ದೇನೆ ಅಂತ ನೆನಪಾಗಿ ಮುಖ ಬಿಗಿದ. ಗುಮಾಸ್ತ ಅಲ್ಲೇ ತೀರ್ಪು ಕೊಟ್ಟ. ರಾಯಚೂರಿನಲ್ಲಿ ಹೊಸಬ ಲಿಫ್ಟರ್. ನನ್ನ ಗಂಡ ಗೆರೆಯ ಹೊರಗೆ. ಮನೆ ಇರಲಿ, ಗೇಟೂ ಇರಲಿ. "ಆದ್ರ ಇನ್ನ ಮ್ಯಾಲೆ ಗೇಟು ಖರೇನ ಕಾಯಬೇಕು ನೋಡಪಾ. ಎಮ್ಮಿ ಒಳಗ ಕಂಡ್ರ ಅದರ ಕೂಡ ನಿನ್ನೂ ಹೊರಗ ಹಾಕ್ತೀನಿ."

ಏಳು ದಿನ ನಮ್ಮ ಮನೆಯಲ್ಲಿ ಬೆರಳೂ ಇಲ್ಲ, ಬಾಯಿಯೂ ಇಲ್ಲ. ತನ್ನ ರೊಟ್ಟಿ ತಾನೇ ಬುಟ್ಟಿಯಿಂದ ತೆಗೆದುಕೊಂಡ. ನನಗೇನೂ ನಷ್ಟ ಆಗಲಿಲ್ಲ.

ರಾಯಚೂರಿನ ಆಟಕ್ಕೆ ನಾನೂ ಹೋದೆ. ಜೀವನದಲ್ಲಿ ಅದೇ ಮೊದಲು. ಮೈದಾನದ ಗೋಡೆಗೆ ಒರಗಿ ನಾವು ನಾಲ್ಕು ಹೆಂಗಸರು ನಿಂತಿದ್ದೆವು. ನೋಡಿದೆ. ಬೆಳೆದ ಗಂಡಸರು ಚಡ್ಡಿ ಹಾಕಿಕೊಂಡು ಒಂದು ಚೆಂಡನ್ನು ಆ ಕಡೆ ಈ ಕಡೆ ದೂಡುತ್ತಿದ್ದರು. ಇದಕ್ಕಾಗಿ ಹನ್ನೆರಡು ವರ್ಷ ಇವನ ಬನಿಯನ್ನು ಒಗೆದೆನಲ್ಲ ಅನ್ನಿಸಿತು.

ಹೊಸಬ ಒಳ್ಳೆಯದಾಗಿಯೇ ಎತ್ತಿ ಕೊಟ್ಟ. ಚೆಂಡು ಅವನ ಕೈಯಿಂದ ಸದ್ದಿಲ್ಲದೆ ಏಳುತ್ತಿತ್ತು. ಕಷ್ಟ ಬಂದದ್ದು ಹಳಬರಿಂದ. ಅವರಿಗೆ ಇವನ ಭುಜ ಏನೂ ಹೇಳುತ್ತಿರಲಿಲ್ಲ, ಬೆರಳು ನೋಡುವ ರೂಢಿ ಮೊದಲೇ ಇಲ್ಲ. ಚೆಂಡು ಒಂದು ಕಡೆ, ಅವರು ಒಂದು ಕಡೆ. ದಪ್ಪನೆಯವನಂತೂ ಎರಡು ಸಲ ಬರಿಯ ಗಾಳಿಗೆ ಹೊಡೆದು ಬಲೆಗೆ ಸಿಕ್ಕಿಕೊಂಡ. ಗೆರೆಯ ಹೊರಗೆ ನನ್ನ ಗಂಡ ಕುಂತಲ್ಲಿ ಕುಂದ್ರದೆ ಕುಣಿಯುತ್ತಿದ್ದ. ಕೊನೆಗೆ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದ, "ಬೆರಳು ನೋಡ್ರಲೇ! ಅವನ ಬೆರಳು ನೋಡ್ರಿ, ಕುರುಡ ನನ್ಮಕ್ಕಳ್ರ್ಯಾ!"

ಆಮೇಲೆ ನೋಡಿದರು. ಎರಡು ಆಟ ಗೆದ್ದು ಕೊನೆಯ ಆಟಕ್ಕೆ ಬಂದರು, ಅದರಲ್ಲಿ ಸೋತರು. ಎರಡನೆಯ ಬಹುಮಾನಕ್ಕೆ ಒಂದು ಚಿಕ್ಕ ಶೀಲ್ಡು ಸಿಕ್ಕಿತು. ಮಾಲೀಕ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹುಡುಗನ ನೌಕರಿ ಕಾಯಂ ಅಂದ. ಹುಡುಗ ನನ್ನ ಕಡೆ ಬಂದು, "ಚಾಚಿ, ಅಮ್ಮಿ ನಿಮಗ ಬಳಿ ಇಡಸ್ತಾಳ," ಅಂದ. ಇಡಿಸಲಿ, ಕೆಲಸದಲ್ಲಿ ಎರಡು ದಿನಕ್ಕೆ ಒಡೆಯುತ್ತವೆ ಅಂದೆ.

ಆ ಸಂಜೆ ನನ್ನ ಗಂಡ ಉಣ್ಣಲು ಕುಂತ. ಒಂದು ತುತ್ತು ನುಂಗಿ ಬಾಯಿ ತೆರೆದ.

"ಮುಂದಿನ ವರ್ಷ ಆಡ್ತೀನಿ."

"ಹೊರಗ ಕುಂತು ಒದರೂದು ಚಲೋ ಬರ್ತದ ನಿನಗ. ಅದನ್ನ ಮಾಡು."

"ಬೆರಳು ಸರಿ ಮಾಡಸ್ತೀನಿ. ಚೆಂಡು ಬಡದು ಮುರದಾಗ ಕಟ್ಟು ಹಾಕಿದ್ರ ಗುಮಾಸ್ತಗ ಕಾಣ್ತಿತ್ತು ಅಂತ ಬಿಟ್ಟೆ. ಈಗ ಕಂಡ್ರ ಏನು?"

"ಆ ಹುಡುಗನ್ನ ಮೀರಸ್ತಿ?"

"ಗೊತ್ತಿಲ್ಲ." ಸೆಟೆದ ಬೆರಳನ್ನು ನೋಡಿಕೊಂಡು, "ಹೊರಗ ಕುಂದ್ರಾಕ ಆಗೂದಿಲ್ಲಬೇ," ಅಂದ.

ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮರುದಿನ ಮುಂಜಾನೆ ಕೆಲಸಕ್ಕೆ ಹೋಗದೆ, ಅವನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಕಲ್ಲೂರಿಗೆ ಹೋದೆ. ಅಲ್ಲಿ ಎಲುಬು ಕೂಡಿಸುವ ಮುದುಕನೊಬ್ಬನಿದ್ದ. ಬೆರಳನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿ, "ಸೊಟ್ಟ ಕೂಡ್ಯದ. ಮತ್ತ ಮುರದು ಕೂಡಸಬೇಕು. ಗಟ್ಟಿ ಹಿಡ್ಯಾಕ ಯಾರದಾರ?" ಅಂದ. ನನ್ನ ಗಂಡ ಬಾಗಿಲ ಕಡೆ ನೋಡಿದ. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು, ಅವನ ಮುಂಗೈಯನ್ನು ಮಣೆಯ ಮೇಲೆ ಇಟ್ಟು, ಅದರ ಮೇಲೆ ಮೊಣಕಾಲು ಊರಿ ಕುಂತೆ.