ಕರಿಬಸಪ್ಪನ ಗಂಟಲು

ಕರಿಬಸಪ್ಪ ಬಿಟ್ಟಂಗಾಲದಲ್ಲಿ ಕಾಫಿಯನ್ನು ಸೊರ್ರನೆ ಎಳೆದರೆ ವಿರಾಜಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು. ಇದನ್ನು ನಂಬದವರು ಆ ನಾಯಿಯನ್ನೇ ಕೇಳಬಹುದು. ಚಮಚದಲ್ಲಿ ಎತ್ತುವುದು, ಸದ್ದು ಮಾಡಿ ಎಳೆಯುವುದು, ಬಾಯೊಳಗೆ ಎಲ್ಲ ಮೂಲೆಗೂ ಓಡಿಸುವುದು, ಪೀಕದಾನಿಗೆ ಉಗಿಯುವುದು. ಕಾಫಿ ರುಚಿ ನೋಡುವವರ ಕಸುಬೇ ಅದು. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಇದನ್ನು ಕಲಿತ ಅವನನ್ನು ತೋಟದ ನಡುವಿನ ಒಂದು ರೆಸಾರ್ಟಿನವರು ಬಂದವರಿಗೆ ತೋರಿಸಲೆಂದು ಕರೆದು ಇಟ್ಟುಕೊಂಡಿದ್ದರು.

ನಾಲಿಗೆಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಹೆದರಿಕೆಯೆಲ್ಲ ಅದರ ಹಿಂದಿನ ಗಂಟಲಿನದು.

ಅವನ ಊರು ಶನಿವಾರಸಂತೆ ಕಡೆ, ಲಿಂಗಾಯತರ ಮನೆ. ತಂದೆ ಪರಮೇಶಪ್ಪ ಯಾರಿಗೂ ಗೊತ್ತಾಗದ ಹಾಗೆ ಕುಡಿಯುತ್ತಿದ್ದರು. ಅಂದರೆ ಊರಿಗೆಲ್ಲ ಗೊತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕೆಂಪಗೆ ಕಾರಿಕೊಂಡರು. ಆಮೇಲೆ ಬಹಳ ದಿನ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ತಾಯಿ ಸಿದ್ದಮ್ಮ ಮಗನ ಕೈಯನ್ನು ಅವನ ಕೊರಳಿನ ಇಷ್ಟಲಿಂಗದ ಮೇಲೆ ಇಡಿಸಿ, "ಒಂದು ತೊಟ್ಟು ಈ ಗಂಟ್ಲಲ್ಲಿ ಇಳೀಬಾರ್ದು ಕಣಪ್ಪ" ಎಂದು ಮಾತು ತೆಗೆದುಕೊಂಡರು. ಅಲ್ಲಿಂದ ಮುಂದೆ ಕರಿಬಸಪ್ಪ ಕೆಮ್ಮಿನ ಔಷಧಿಯನ್ನೂ ಎದೆಗೆ ಸವರಿಕೊಂಡೇ ವಾಸಿ ಮಾಡಿಕೊಂಡ.

ಹೀಗಿರುವಾಗ ರೆಸಾರ್ಟಿನ ಮ್ಯಾನೇಜರ್ ಶಶಿಕುಮಾರ್ ಒಂದು ದಿನ ಪೆಟ್ಟಿಗೆಗಟ್ಟಲೆ ಬಾಟಲಿ ಇಳಿಸಿಕೊಂಡರು. ಶನಿವಾರ ಶನಿವಾರ ವೈನ್ ಟೇಸ್ಟಿಂಗ್, ನಡೆಸುವವನು ಕರಿಬಸಪ್ಪ.

"ಸರ್, ನನಗೆ ಆಗಲ್ಲ. ನಾನು ಮುಟ್ಟೋದಿಲ್ಲ."

"ಯಾರು ಕುಡಿ ಅಂದದ್ದು ಮಾರಾಯ? ಇದ್ರಲ್ಲೂ ಉಗಿಯೋದೇ. ಬಾಯಿ ಅದೇ, ಲೋಟ ಮಾತ್ರ ಬೇರೆ."

ಉಗಿದರೆ ಕುಡಿದ ಹಾಗಲ್ಲ ಎಂದು ಕರಿಬಸಪ್ಪ ತನಗೆ ತಾನೇ ತೀರ್ಪು ಕೊಟ್ಟುಕೊಂಡ. ತಾಯಿಗೆ ಕೊಟ್ಟ ಮಾತು ಗಂಟಲಿನದು, ನಾಲಿಗೆಯದಲ್ಲವಲ್ಲ. ಊರಿಗೆ ಫೋನ್ ಮಾಡಿದಾಗ ಮಾತ್ರ "ಕಾಫಿ ಕೆಲ್ಸ ಅವ್ವ, ಅದೇ" ಎನ್ನುತ್ತಿದ್ದ. ಸಿದ್ದಮ್ಮ ಮಗ ಕಾಫಿ ಉಗಿದು ಸಂಬಳ ತರುತ್ತಾನೆಂದು ಮೂರು ಹೋಬಳಿಗೆ ಸಾರಿ ಬಂದಿದ್ದರು.

ಪ್ರತಿ ಶನಿವಾರ ಬೆಳಿಗ್ಗೆಯಿಂದಲೇ ಅವನ ಅಂಗೈ ಬೆವರುತ್ತಿತ್ತು. ವೈನು ಬಾಯಲ್ಲಿರುವಾಗ ಎಡಗೈ ಅಂಗಿಯ ಮೇಲಿಂದಲೇ ಲಿಂಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿತ್ತು. ನೋಡಿದ ಗೆಸ್ಟುಗಳು ಇದು ಫ್ರಾನ್ಸಿನ ಪದ್ಧತಿಯಿರಬೇಕೆಂದು ತಾವೂ ಎದೆಯ ಮೇಲೆ ಕೈಯಿಟ್ಟುಕೊಂಡೇ ಕುಡಿಯತೊಡಗಿದರು. ವರಾಂಡದ ತುಂಬ ರಾಷ್ಟ್ರಗೀತೆಗೆ ನಿಂತವರ ಕಳೆ. ಕೆಲಸ ಮುಗಿದ ಮೇಲೆ ಕರಿಬಸಪ್ಪ ಬಾಯಿ ಮುಕ್ಕಳಿಸಿದ ನೀರಿಗೆ ಕೆಳಗಿನ ಗದ್ದೆಯಲ್ಲಿ ನಾಟಿ ಮಾಡಬಹುದಿತ್ತು.

ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವನು ಅದೇ ರೆಸಾರ್ಟಿನಲ್ಲಿ ಕೆಲಸಕ್ಕಿದ್ದ ನನಗೊಮ್ಮೆ ಪಿಸುಮಾತಿನಲ್ಲಿ ಹೇಳಿದ್ದ. "ನಾಲಿಗೆ ಉಗೀಬೇಕು ಅಂತದೆ ಅಣ್ಣ, ಗಂಟ್ಲು ಬಾಗಿಲು ತೆಗೆದು ಕಾಯ್ತಿರ್ತದೆ. ಅದು ನನ್ನ ಗಂಟ್ಲಲ್ಲ, ಅಪ್ಪಂದು."

ಆ ಶನಿವಾರ ಮಧ್ಯಾಹ್ನ ವರಾಂಡದಲ್ಲಿ ಎಂಟು ಹತ್ತು ಜನ ಕೂತಿದ್ದರು. ಮುಂದಿನ ಕುರ್ಚಿಯಲ್ಲಿ ಮೈಸೂರಿನ ಒಬ್ಬ ಡಾಕ್ಟರು. ಮೊದಲು ನಾಸಿಕ್ಕಿನ ಬಿಳಿ ವೈನು: ಹೊಸದಾಗಿ ಕೊಯ್ದ ಹುಲ್ಲಿನ ಮೇಲೆ ಸೀಬೆಕಾಯಿ ಹೆಚ್ಚಿಟ್ಟ ವಾಸನೆ ಎಂದ ಕರಿಬಸಪ್ಪ. ಆಮೇಲೆ ಇಟಲಿಯ ಸಾಂಜೊವೇಸೆ, ಕೆಂಪು ವೈನು. ಹುಳಿ ಮುಂದೆ, ಒಗರು ಹಿಂದೆ, ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ. ಮೂರನೆಯದೂ ಕೆಂಪು, ನಾಸಿಕ್ಕಿನ ಶಿರಾಜ್. ಅದೇ ದ್ರಾಕ್ಷಿ ನಂದಿಬೆಟ್ಟದ ಕಡೆ ಬೆಳೆದರೆ ಹೇಗೆ ಬದಲಾಗುತ್ತದೆ ಎಂದು ನಾಲ್ಕನೆಯದರಲ್ಲಿ ತೋರಿಸುತ್ತೇನೆ ಅಂದು, ಶಿರಾಜನ್ನು ಬಾಯಿ ತುಂಬ ತೆಗೆದುಕೊಂಡ. ಬಾಯಲ್ಲಿ ಆಡಿಸಿದ. ಬಗ್ಗಿ ಅರ್ಧ ಉಗಿದ.

"ಅಯ್ಯೋ ನನ್ನಪ್ಪಾ! ರಕ್ತಾ!"

ಮೆಟ್ಟಿಲ ಮೇಲೆ ಸಿದ್ದಮ್ಮ ನಿಂತಿದ್ದರು. ಮಗನ ಕೆಲಸವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಯಾರಿಗೂ ಹೇಳದೆ, ಬುಟ್ಟಿಯಲ್ಲಿ ಹೋಳಿಗೆ ಕಟ್ಟಿಕೊಂಡು, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಬಂದಿದ್ದರು. ಆ ಕೂಗಿಗೆ ಕರಿಬಸಪ್ಪನ ಎದೆ ಧಸಕ್ಕೆಂದು ಉಸಿರು ಒಳಗೆ ಎಳೆಯಿತು. ಉಸಿರಿನ ಜೊತೆ ಬಾಯಲ್ಲಿ ಉಳಿದಿದ್ದ ಅರ್ಧವೂ ಒಳಗೆ ಹೋಯಿತು.

ಸಿದ್ದಮ್ಮ ಓಡಿಬಂದು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಎಷ್ಟ್ ದಿನದಿಂದ ಹಿಂಗಾಯ್ತೈತೋ? ನನಗ್ಯಾಕೆ ಹೇಳ್ಲಿಲ್ಲ? ನಿಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು!" ಡಾಕ್ಟರು, ಕೈಯಲ್ಲಿದ್ದ ಲೋಟ ಮರೆತು, "ಎಲ್ಲಿ ರಕ್ತ?" ಎಂದು ಎದ್ದು ನಿಂತರು.

ಶಶಿಕುಮಾರ್ ಓಡಿ ಬಂದರು. ಸುಳ್ಳು ಹುಟ್ಟಿಸುವುದರಲ್ಲಿ ಅವರಿಗೆ ಸಮನಾದವರು ಜಿಲ್ಲೆಯಲ್ಲಿ ಇಲ್ಲ. ಮಳೆಗಾಲದಲ್ಲಿ ರೂಮಿನ ಒಳಗೆ ಸೋರಿದರೆ ಜಲಪಾತ ಎಂದು ಬಾಡಿಗೆ ಜಾಸ್ತಿ ಮಾಡುವವರು. "ಏನಿಲ್ಲ ಅಮ್ಮ, ಗಾಬರಿ ಆಗ್ಬೇಡಿ. ಬೀಟ್ರೂಟ್ ರಸ. ಆರೋಗ್ಯಕ್ಕೆ ಒಳ್ಳೇದು. ಹೌದಲ್ವಾ ಬಸಪ್ಪ?"

ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು. ಆದರೆ ತಲೆ ತಾಯಿಯ ಕೈಯಲ್ಲಿತ್ತು, ಮತ್ತು ಎದೆಯೊಳಗೆ ಯಾರೋ ನಿಧಾನವಾಗಿ ಒಲೆ ಹಚ್ಚುತ್ತಿದ್ದರು. ಅಪ್ಪನೂ ಬಚ್ಚಲಿನಲ್ಲಿ ಮೊದಲು ಇಂಥದೇ ಏನೋ ಒಂದು ಹೇಳಿದ್ದು ಕರಿಬಸಪ್ಪನಿಗೆ ನೆನಪಾಯಿತು. ಎಲೆಅಡಿಕೆ ಕಣೆ, ಎಂದಿದ್ದರು.

"ಬೀಟ್ರೂಟ್ ಅಲ್ಲ ಅವ್ವ. ವೈನು."

ಸಿದ್ದಮ್ಮ ಬಗ್ಗಿ ಪೀಕದಾನಿಯ ವಾಸನೆ ನೋಡಿದರು. ನೆಲದ ಮೇಲೆ ಕುಸಿದು ಕೂತರು. "ಶಿವನೇ, ಬರೀ ಹೆಂಡವಾ!" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕೇಬಿಟ್ಟರು. ಮಗ ಕುಡಿಯುತ್ತಿದ್ದಾನೆಂದು ತಿಳಿದು ಇಷ್ಟು ಸಂತೋಷಪಟ್ಟ ತಾಯಿ ಕಾವೇರಿಯ ಈ ದಡದಲ್ಲೂ ಇಲ್ಲ, ಆ ದಡದಲ್ಲೂ ಇಲ್ಲ. ಗೆಸ್ಟುಗಳೂ ನಕ್ಕರು.

ಆ ನಗು ಅರ್ಧಕ್ಕೆ ನಿಂತಿತು. ಸಿದ್ದಮ್ಮನ ಕಣ್ಣು ಮಗನ ಗಂಟಲಿಗೆ ಬಂದು ನೆಟ್ಟಿತ್ತು.

"ಒಳಕ್ಕೆ ಹೋಯ್ತಾ?"

"ಹೋಯ್ತು ಅವ್ವ. ಇಲ್ಲೀಗಂಟ ಒಂದ್ ತೊಟ್ಟೂ ಹೋಗಿರ್ಲಿಲ್ಲ. ನೀನು ಕೂಗಿದ್ಯಲ್ಲ, ಆವಾಗ."

"ಹೆಂಗಿತ್ತು?"

ಪ್ರಶ್ನೆ ಮೆಲ್ಲಗೆ ಬಂತು. ಎರಡು ವರ್ಷದಿಂದ ಎಲ್ಲರೂ ಅವನನ್ನು ಕೇಳುತ್ತಿದ್ದ ಪ್ರಶ್ನೆಯೇ. ಸೀಬೆಕಾಯಿ, ನೇರಳೆ, ಮೆಣಸು ಎಂದು ತಡವರಿಸದೆ ಹೇಳುತ್ತಿದ್ದ ಬಾಯಿಗೆ ಈಗ ಸಿಕ್ಕಿದ್ದು ಒಂದೇ ಪದ.

"ಚೆನ್ನಾಗಿತ್ತು ಅವ್ವ. ಅದಕ್ಕೇ ಭಯ ಆಯ್ತೈತೆ."

ಸಿದ್ದಮ್ಮ ಬೈಯಲಿಲ್ಲ, ಅಳಲೂ ಇಲ್ಲ. "ನಿಮ್ಮಪ್ಪ ಈ ಮಾತ ನನ್ನತ್ರ ಒಂದ್ ದಿನ ಹೇಳಿದ್ರೆ..." ಎಂದು ಅಲ್ಲಿಗೇ ಬಿಟ್ಟರು. ಆಮೇಲೆ ಶಶಿಕುಮಾರ್ ಕಡೆ ತಿರುಗಿ, "ಇನ್ನೆಷ್ಟು ಲೋಟ ಐತಪ್ಪ?" ಎಂದರು.

"ಇನ್ನೆರಡು ಅಮ್ಮ."

"ನನಗೊಂದು ಕುರ್ಚಿ ಹಾಕು."

ಮಗನ ಎದುರಿಗೇ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕರಿಬಸಪ್ಪ ನಂದಿಬೆಟ್ಟದ ಶಿರಾಜ್ ಎತ್ತಿದ. ಬಾಯಿಗೆ ಹಾಕಿದ. ಸಿದ್ದಮ್ಮ ಗಂಟಲ ಗಂಟಿನಿಂದ ಕಣ್ಣು ತೆಗೆಯದೆ ಅಂದರು: "ಉಗಿ."

ಉಗಿದ. ಆ ದನಿಗೆ ಡಾಕ್ಟರೂ ಉಗಿದರು. ಅದುವರೆಗೆ ಎಲ್ಲವನ್ನೂ ನುಂಗುತ್ತಿದ್ದ ಇಡೀ ವರಾಂಡವೇ ಉಗಿಯಿತು; ಇಂಥ ಶಿಸ್ತಿನ ಟೇಸ್ಟಿಂಗ್ ಫ್ರಾನ್ಸಿನಲ್ಲೂ ನಡೆದಿರಲಿಕ್ಕಿಲ್ಲ. "ನಾಸಿಕ್ಕಿನದಕ್ಕೆ ಬಿಸಿಲು ಜಾಸ್ತಿ, ಹಣ್ಣು ಮುಂದೆ ಬರ್ತದೆ," ಎಂದ ಕರಿಬಸಪ್ಪ. "ಇದ್ರಲ್ಲಿ ಕರಿಮೆಣಸು ಮುಂದೆ."

ಕೊನೆಯದು ಸಿಹಿ ವೈನು, ಬಳ್ಳಿಯಲ್ಲೇ ಬಿಟ್ಟು ತಡವಾಗಿ ಕೊಯ್ದ ದ್ರಾಕ್ಷಿಯದು. ಲೋಟವನ್ನು ಮೂಗಿನ ಹತ್ತಿರ ತಂದ. ಜೇನಿನ ವಾಸನೆ. ಬಾಯಿಗೆ ಹಾಕುವ ಮೊದಲೇ ಗಂಟಲು ತಾನಾಗಿ ಒಮ್ಮೆ ನುಂಗಿತು. ಎದುರಿಗೆ ಕೂತ ಸಿದ್ದಮ್ಮ ಅದನ್ನು ನೋಡಿದರು. ಈ ಸಲ ಅವರು "ಉಗಿ" ಅನ್ನಲಿಲ್ಲ.

ಕರಿಬಸಪ್ಪ ಲೋಟವನ್ನು ಹಾಗೇ ಮೇಜಿನ ಮೇಲಿಟ್ಟ.

"ಸರ್, ಇದನ್ನ ನಾನು ಬಾಯಿಗೆ ಹಾಕಲ್ಲ. ಹಾಕಿದ್ರೆ ಉಗಿಯಾಕಾಗಲ್ಲ."

ಸಿದ್ದಮ್ಮ ಎದ್ದು, "ಬಾಯಿ ತೊಳ್ಕಂಡ್ ಬಾ, ಹೋಳಿಗೆ ಐತೆ," ಎಂದರು.

ಈಗ ಅವನಿಗೆ ಬೆಳಗಿನ ಕಾಫಿ ಮಾತ್ರ. ಶನಿವಾರದ ವೈನನ್ನು ಶಶಿಕುಮಾರರೇ ನಡೆಸುತ್ತಾರೆ. ಅವರು ಉಗಿಯುವುದಿಲ್ಲವಾದ್ದರಿಂದ ಕೊನೆಯ ಲೋಟದ ಹೊತ್ತಿಗೆ ನಾಸಿಕ್ಕೂ ಇಟಲಿಯೂ ಪೊನ್ನಂಪೇಟೆ ತಾಲ್ಲೂಕಿಗೇ ಸೇರಿಬಿಟ್ಟಿರುತ್ತವೆ. ಮೊದಲ ಬಾಟಲಿಯ ಕಾರ್ಕ್ ಎದ್ದ ಸದ್ದು ಕೇಳಿದೊಡನೆ ಕರಿಬಸಪ್ಪ ಇಳಿಜಾರಿನ ಕಾಫಿ ಗಿಡಗಳೊಳಗೆ ನಡೆದುಬಿಡುತ್ತಾನೆ. ಆನೆ ಇಳಿದಿದೆ, ಆ ಕಡೆ ಹೋಗಬೇಡ ಎಂದು ತೋಟ ಕಾಯುವ ವಾಚರ್ ಕೂಗಿದರೂ ನಿಲ್ಲುವುದಿಲ್ಲ.