ಧುಪದಾಳದ ಬಾಯಿ, ಕೋಲ್ಕತ್ತಾದ ಗ್ರಂಥಾಲಯ

ನಮ್ಮ ಕಡೆ ಸತ್ತವರ ಮನೆಯಲ್ಲೂ ಇಷ್ಟು ಮೌನ ಇರುವುದಿಲ್ಲ. ಕೋಲ್ಕತ್ತಾದ ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯಕ್ಕೆ ಮೊದಲ ಸಲ ಕಾಲಿಟ್ಟಾಗ ನನಗೆ ಅನ್ನಿಸಿದ್ದು ಇದೇ. ಮೂಡಲಗಿ ಸಂತೆಯಷ್ಟು ಜನ ಕೂತಿದ್ದಾರೆ, ಕೇಳುವುದು ಮಾತ್ರ ಫ್ಯಾನಿನ ಸಪ್ಪಳ. ಕಿಟಕಿಯಿಂದ ಬಂದ ಬಿಸಿಲು ಉದ್ದ ಮೇಜುಗಳ ಮೇಲೆ ಮಲಗಿತ್ತು. ನೀರಿನಲ್ಲಿ ಮುಳುಗಿ ಕಣ್ಣು ಬಿಟ್ಟ ಹಾಗಿತ್ತು.

ಯಜಮಾನರಿಗೆ ಬ್ಯಾಂಕಿನ ಕೆಲಸದಲ್ಲಿ ಇಲ್ಲಿಗೆ ವರ್ಗವಾಗಿ ಬಂದವರು ನಾವು. ಮೀನು ತಿನ್ನುವುದಿಲ್ಲ ಎಂದಾಗ ಮನೆಯ ಮಾಲಕಿ ಕಾಯಿಲೆಯವರನ್ನು ನೋಡುವಂತೆ ನೋಡಿದರು, ಆದರೂ ಮನೆ ಕೊಟ್ಟರು. ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಒಗ್ಗಿತು. ಮದುವೆಯ ಗದ್ದಲದಲ್ಲಿ ಬಿಟ್ಟಿದ್ದ ಎಂ.ಎ.ಯನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದೆ. ಇತಿಹಾಸ. ಬೇಕಾದ ಹಳೆಯ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ನನಗೋ, ಬಾಯಿ ಬಿಡದೆ ಓದಲು ಬರುವುದಿಲ್ಲ.

ನನ್ನ ತವರು ಧುಪದಾಳದಲ್ಲಿ ನಮ್ಮ ಮನೆ ಹೊಳೆಯ ಒಡ್ಡಿನ ಹತ್ತಿರ. ಮಳೆಗಾಲದಲ್ಲಿ ಘಟಪ್ರಭೆ ಒಡ್ಡು ದಾಟಿ ಬೀಳುವಾಗ, ನಮ್ಮ ಪಾಠ ನಮಗೇ ಕೇಳಬೇಕೆಂದರೆ ಕೂಗಿಯೇ ಓದಬೇಕು. ಅವ್ವನಿಗೆ ಅಕ್ಷರ ಬಾರದು. ಅಡುಗೆಮನೆಯಿಂದಲೇ ನಮ್ಮ ದನಿ ಕಾಯುತ್ತಿದ್ದಳು. "ಯಾಕವಾ, ದನಿ ಯಾಕ ನಿಂತಿತು? ನಿದ್ದಿ ಹತ್ತಿತೇನ?"

ಗ್ರಂಥಾಲಯದಲ್ಲಿ ನಾನು ಒಂದು ಪುಟ ಮುಗಿಸುವಷ್ಟರಲ್ಲಿ ಇಡೀ ಸಾಲು ತಿರುಗಿ ನೋಡಿತು. ಓದುವ ಕೋಣೆ ನೋಡಿಕೊಳ್ಳುವ ಘೋಷ್‌ದಾ ಬಂದರು. 'ದಾ' ಎಂದರೆ ಇಲ್ಲಿ ಅಣ್ಣ. "ಆಸ್ತೆ, ದೀದಿ," ಎಂದರು. ಆಸ್ತೆ ಎಂದರೆ ಮೆಲ್ಲಗೆ. ನಾನು ಓದುತ್ತಿದ್ದದ್ದೇ ಮೆಲ್ಲಗೆ.

ಬಾಯಲ್ಲಿ ಲವಂಗ ಇಟ್ಟುಕೊಂಡೆ, ಸೆರಗು ಒತ್ತಿಕೊಂಡೆ. ಕಣ್ಣು ಸಾಲು ದಾಟುತ್ತಿತ್ತು, ತಲೆಗೆ ಒಂದಕ್ಷರ ಇಳಿಯುತ್ತಿರಲಿಲ್ಲ. ಮತ್ತೆ ದನಿ ಹೊರಡುತ್ತಿತ್ತು. ಕೊನೆಗೆ ಘೋಷ್‌ದಾ ಸಂಕೋಚದಿಂದಲೇ ಹೇಳಿದರು: ಇನ್ನೊಂದು ದೂರು ಬಂದರೆ ಕಾರ್ಡು ವಾಪಸ್ ತೆಗೆದುಕೊಳ್ಳುತ್ತಾರೆ. ಪರೀಕ್ಷೆ ಎದುರಿಗಿತ್ತು. ಈ ಸಲ ಬಿಟ್ಟರೆ ಮತ್ತೆ ಹಿಡಿಯುವ ವಯಸ್ಸು ನನ್ನದಲ್ಲ.

"ಏನ್ರಿ, ಕಾರ್ಡ ಕಸಗೋತಾರಂತ," ಎಂದೆ ಯಜಮಾನರಿಗೆ.

"ಲಗ್ನ ಆದಾಗಿಂದ ಈ ಬಾಯಿ ಬಗ್ಗೆ ನಾ ದೂರ ಕೊಡಾಕತ್ತೇನಿ. ನಂದ ಯಾರ ಕೇಳ್ಯಾರ?" ನಾನು ನಗಲಿಲ್ಲ. ಅವರು ದನಿ ಇಳಿಸಿದರು. "ಹೋಗಿ ಖರೇ ಹೇಳಿಬಿಡ. ಒಡ್ಡಿನ ಕಥಿ ಹೇಳ."

ಘೋಷ್‌ದಾಗೆ ಹರಕು ಹಿಂದಿಯಲ್ಲಿ ಹೇಳಿದೆ, ಗೋಕಾಕದ ಕರದಂಟು ಕೈಗಿಟ್ಟು. ಅಂಟು ಹಲ್ಲಿಗೆ ಹಿಡಿದು ಅವರಿಗೆ ಬಹಳ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಎದ್ದು ನೆಲಮಾಳಿಗೆಗೆ ಕರೆದೊಯ್ದರು. ಅಲ್ಲಿ ಹಳೆಯ ಪತ್ರಿಕೆಗಳಿಗೆ ತೇವ ಹಿಡಿಯದಂತೆ ಗಾಳಿ ಒಣಗಿಸುವ ದೊಡ್ಡ ಯಂತ್ರ ಭೋರ್ಗರೆಯುತ್ತಿತ್ತು. ಇಲ್ಲಿ ಎಷ್ಟು ಬೇಕಾದರೂ ಕೂಗಿ, ಎಂದು ಕೈಸನ್ನೆ ಮಾಡಿದರು.

ಕಣ್ಣು ಮುಚ್ಚಿದೆ. ಒಡ್ಡಿನ ಮೇಲೆ ನೀರು.

ಅಂದಿನಿಂದ ದಿನಾಲೂ ಅಲ್ಲೇ ಓದಿದೆ. ಮೊಘಲರು, ಮರಾಠರು ಎಲ್ಲರೂ ಕಪಾಟುಗಳ ನಡುವೆ ಹೊಳೆಯಲ್ಲಿ ತೇಲಿದಂತೆ ಬರುತ್ತಿದ್ದರು. ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ನಿಂತಿತು. ನನ್ನ ಬಾಯಿಯೂ ನಿಂತಿತು. ಗೋಡೆಯ ಕಿಂಡಿಯಿಂದ ಬೀಳುವ ಬೆಳಕಿನಲ್ಲಿ ಕಣ್ಣು ಮಾತ್ರ ಮುಂದೆ ಹೋಯಿತು. ಪುಟ ಮುಗಿದಾಗ ನೋಡಿದರೆ ಎಲ್ಲಾ ತಿಳಿದಿದೆ. ತುಟಿ ಅಲುಗಿಲ್ಲ. ನನ್ನೊಳಗೆ ಲಂಗ ತೊಟ್ಟ ಹುಡುಗಿಯೊಬ್ಬಳು ನೀರಿನ ಸಪ್ಪಳ ಮೀರಿಸಿ ಓದುತ್ತಿದ್ದಳು.

ಮರುದಿನ ಮೇಲಿನ ಕೋಣೆಯಲ್ಲಿ ಕೂತೆ. ಘೋಷ್‌ದಾ ದೂರದಿಂದ ನೋಡಿದರು, ಹತ್ತಿರ ಬರಲಿಲ್ಲ. ಪರೀಕ್ಷೆ ಪಾಸಾದೆ.

ಮಳೆಗಾಲಕ್ಕೆ ಊರಿಗೆ ಹೋದೆ. ಒಡ್ಡು ತುಂಬಿ ಸುರಿಯುತ್ತಿತ್ತು. ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತೆ. ಒಳಗೆ ಅವ್ವ ರೊಟ್ಟಿ ಬಡಿಯುವುದು ನಿಂತಿತು.

"ಓದತೀನಿ ಅಂದಿದ್ದಿ?"

"ಓದಾಕತ್ತೇನಿ, ಅವ್ವಾ."

"ಸುಳ್ಳ ಹೇಳಬ್ಯಾಡ. ನನಗ ಕೇಳಸವಲ್ತು."

ಅವಳಿಗಾಗಿ ಬಾಯಿ ತೆಗೆದೆ. ಪಿಸುದನಿ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ತೆಗೆದೆ. ಅಷ್ಟೇ ಬಂತು.

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಜೂ ಕೂತಳು. ಸೆರಗು ಸರಿಸಿ, ಕಿವಿಯನ್ನು ನನ್ನ ತುಟಿಯ ಹತ್ತಿರ ತಂದಳು.

"ಹೂಂ, ಈಗ ಓದ."