ಅಕ್ಕ ಕೇಳಿದ ತೋಡಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ಉದ್ಯಮಬಾಗದ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಕೆಲಸ ನನ್ನದು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಸ್ವಭಾವ. ಆದ್ದರಿಂದ ಇದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನನ್ನ ಅಕ್ಕ ಚಿಕ್ಕಂದಿನಿಂದ ಹಾಡು ಕಲಿತವಳು. ಹತ್ತೊಂಬತ್ತನೆಯ ವಯಸ್ಸಿಗೆ ವಿಷಮಜ್ವರ ಬಂದು ಎರಡೂ ಕಿವಿ ಹೋದವು. ಮಾತು ಉಳಿಯಿತು, ನಾವಾಡಿದ್ದನ್ನು ತುಟಿ ನೋಡಿ ತಿಳಿಯುತ್ತಿದ್ದಳು. ಸಂಗೀತದ ಸುದ್ದಿಯನ್ನು ಮಾತ್ರ ಮನೆಯಲ್ಲಿ ಯಾರೂ ಅವಳೆದುರು ಎತ್ತುತ್ತಿರಲಿಲ್ಲ. ಹೀಗೇ ಹನ್ನೆರಡು ವರ್ಷ ಕಳೆದವು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ದಿನ ತಾನಾಗಿಯೇ, “ತಮ್ಮಾ, ಹಾಡಿನ ಬೈಠಕ್‌ಗೆ ಹೋಗೂವಾಗ ನನ್ನೂ ಕರಕೊಂಡು ಹೋಗೋ,” ಎಂದಳು.

“ಬಂದು ಏನ್ ಮಾಡ್ತಿ ಅಕ್ಕಾ?” ಎಂದು ಕೇಳಿಬಿಟ್ಟೆ.

“ನೋಡ್ತೀನಿ.”

ಆ ವರ್ಷ ಇಬ್ಬರೂ ಮೂರು ಬೈಠಕ್‌ಗಳಿಗೆ ಹೋದೆವು. ಮೊದಲನೆಯದು ನಮ್ಮ ಶಹಾಪುರದಲ್ಲೇ, ನೇಕಾರರೊಬ್ಬರ ಮನೆಯಲ್ಲಿ ಮಗ್ಗ ನಿಲ್ಲಿಸಿ ಜಮಖಾನೆ ಹಾಸಿ ನಡೆದದ್ದು. ಎರಡನೆಯದು ಸಿತಾರ ವಾದನ. ಎರಡರಲ್ಲೂ ಅಕ್ಕ ಹಾಡುವವರ ಕೊರಳನ್ನು, ನುಡಿಸುವವರ ಬೆರಳನ್ನು ನೋಡುತ್ತ ಸುಮ್ಮನೆ ಕೂತಿದ್ದಳು. ಜನ ತಲೆದೂಗುವಾಗ ಅವಳ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಮೂರನೆಯದು ಖಾನಾಪುರದಲ್ಲಿ, ಒಂದು ಶಾಲೆಯ ಕೋಣೆಯಲ್ಲಿ, ರವಿವಾರ ಬೆಳಿಗ್ಗೆ. ವಯಸ್ಸಾದ ಗಾಯಕರೊಬ್ಬರು ತೋಡಿ ರಾಗ ಹಾಡುತ್ತಿದ್ದರು. ಅರ್ಧ ತಾಸಾಗಿರಬೇಕು, ಅಕ್ಕ ಕಣ್ಣು ಮುಚ್ಚಿಕೊಂಡೇ ನನ್ನ ಮೊಣಕೈ ಹಿಡಿದಳು.

“ತಂಬೂರಿ ತಂತಿ ಇಳದೈತಿ.”

ಶ್ರುತಿ ಇಳಿದದ್ದು ನನ್ನ ಕಿವಿಗೆ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಗಾಯಕರು ಹಾಡು ನಿಲ್ಲಿಸಿ, ಹಿಂದೆ ತಿರುಗಿ, ತಂಬೂರಿ ಇಸಿದುಕೊಂಡು ತಂತಿ ಬಿಗಿದರು. ಮತ್ತೆ ಶುರುವಾದಾಗ ಅಕ್ಕನ ಬೆರಳು ಮೊಣಕಾಲಿನ ಮೇಲೆ ತಾಳ ಎಣಿಸತೊಡಗಿತು. ಒಂದು ಮಾತ್ರೆಯೂ ತಪ್ಪಲಿಲ್ಲ. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು.

ಮುಗಿದ ಮೇಲೆ ಹೊರಗೆ ಅವಳ ಬೆನ್ನ ಹಿಂದೆ ನಿಂತು “ಅಕ್ಕಾ!” ಎಂದು ಜೋರಾಗಿ ಕೂಗಿದೆ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳೊಬ್ಬಳೇ ತಿರುಗಲಿಲ್ಲ.

ಡಾಕ್ಟರಿಗೆ ತೋರಿಸಿದೆ. ಕಿವಿಯಲ್ಲಿ ಏನೂ ಬದಲಾಗಿಲ್ಲ, ನೆಲದ ನಡುಕದಿಂದ ತಾಳ ತಿಳಿದಿರಬಹುದು ಎಂದರು. ತಾಳಕ್ಕೆ ಒಪ್ಪೋಣ. ಇಳಿದ ತಂತಿಗೆ?

ವಾರ ಕಳೆದ ಮೇಲೆ ಅಕ್ಕನೇ ಹೇಳಿದಳು. “ಕಿವಿ ಹೋದ ಮ್ಯಾಲೂ ನನ್ನ ಒಳಗ ಹಾಡು ನಡದ ಇರ್ತಿತ್ತು, ತಮ್ಮಾ. ಕಲತದ್ದೆಲ್ಲಾ ಕೇಳಸ್ತಿತ್ತು. ಖಾನಾಪುರದಿಂದ ಬಂದಾಗಿಂದ ಅದೂ ನಿಂತೈತಿ. ಖರೇ ಹೇಳ್ತೀನಿ, ಈಗ ಏನೂ ಇಲ್ಲ.”

ಆಮೇಲೆ ಅವಳು ಯಾವ ಬೈಠಕ್‌ಗೂ ಬರಲಿಲ್ಲ. ಎಂಬತ್ತರ ದಶಕದ ನಡುವೆ ತೀರಿಕೊಂಡಳು. ಆ ಹಾಡು ಅವಳಿಗೆ ಹೇಗೆ ಕೇಳಿಸಿತು, ಒಳಗಿದ್ದುದನ್ನೂ ಏಕೆ ಕೊಂಡೊಯ್ದಿತು, ನನಗೆ ಇಂದಿಗೂ ತಿಳಿಯದು. ನಾನು ಕರೆದುಕೊಂಡು ಹೋಗದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹಾಸಿಗೆ ಹಿಡಿದಿದ್ದಾಗ ಒಮ್ಮೆ ಕೇಳಿದಳು: “ಅವತ್ತ ಕಡೀಕ ಅವರು ಏನ್ ಹಾಡಿದ್ರೋ? ನನಗ ನೆನಪಾಗವಲ್ದು.”

ನನಗೂ ಗೊತ್ತಿರಲಿಲ್ಲ. ತಂಬೂರಿ ಸರಿಮಾಡಿದ ಮೇಲೆ ನಾನು ಹಾಡು ಕೇಳಲೇ ಇಲ್ಲ. ಅವಳನ್ನೇ ನೋಡುತ್ತ ಕೂತಿದ್ದೆ.